ಆತ್ಮಕೂರಿನಲ್ಲಿ ಎರಡು ರಾತ್ರಿ

ಶ್ರೀಶೈಲದ ಪಾದಯಾತ್ರೆಯನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ನಲ್ಲಮಲೆಯ ಕಾಡನ್ನು, ಶಿಖರದರ್ಶನವನ್ನು, ಪಾತಾಳಗಂಗೆಯ ಸ್ನಾನವನ್ನು ವರ್ಣಿಸುತ್ತಾರೆ. ನಾವು ಇಲ್ಲಿ ಹೇಳಹೊರಟಿರುವುದು ಆ ಹಾದಿಯ ಮೇಲಿನ ಒಂದು ಸಾಧಾರಣ ಪೇಟೆಯೂರನ್ನು ಕುರಿತು. ಅಲ್ಲಿ ಉಳಿಯಬೇಕೆಂದು ನಾವು ಹೊರಟವರಲ್ಲ. ಉಳಿಯಲೇಬೇಕಾಗಿ ಬಂದಾಗ ಸಂತೋಷಪಟ್ಟವರೂ ಅಲ್ಲ. ಆದರೂ ಆ ಯಾತ್ರೆಯನ್ನು ನೆನೆದಾಗಲೆಲ್ಲ ಮೊದಲು ಕಣ್ಣೆದುರು ಬರುವುದು ಆ ಊರೇ.

ಹೋಳಿ ಹುಣ್ಣಿಮೆಯಿಂದ ಯುಗಾದಿಯವರೆಗಿನ ದಿನಗಳಲ್ಲಿ ಬಾಗಲಕೋಟೆ, ವಿಜಯಪುರ, ಬೆಳಗಾವಿ, ಕಲಬುರಗಿ, ರಾಯಚೂರು ಸೀಮೆಗಳಿಂದ ಭಕ್ತರು ಕಂಬಿ ಹೊತ್ತು, ಹಾಡುತ್ತ, ಶ್ರೀಶೈಲಕ್ಕೆ ನಡೆದುಹೋಗುವುದು ವಾಚಕರಿಗೆ ತಿಳಿದ ಸಂಗತಿಯೇ. ಈ ಹಾದಿ ಇಂದು ನಿನ್ನೆಯದಲ್ಲ. ಉಡುತಡಿಯ ಅಕ್ಕಮಹಾದೇವಿ ಕಲ್ಯಾಣವನ್ನು ಹಾಯ್ದು ಶ್ರೀಶೈಲದ ಕದಳಿಗೆ ನಡೆದಳು. ಸೊನ್ನಲಿಗೆಯ ಬಾಲಕ ಸಿದ್ಧರಾಮ ಯಾತ್ರಿಕರ ಗುಂಪಿನೊಡನೆ ಅಳುತ್ತ ನಡೆದ ಕಥೆಯನ್ನು ರಾಘವಾಂಕ ‘ಸಿದ್ಧರಾಮ ಚಾರಿತ್ರ’ದಲ್ಲಿ ಹೇಳಿದ್ದಾನೆ. ತೆಲುಗಿನಲ್ಲಿ ಪಾಲ್ಕುರಿಕೆ ಸೋಮನಾಥನ ‘ಪಂಡಿತಾರಾಧ್ಯ ಚರಿತ್ರ’ದ ಪರ್ವತ ಪ್ರಕರಣವು ಈ ಯಾತ್ರೆಯ ವರ್ಣನೆಗೇ ಮೀಸಲು. ಅಷ್ಟು ದೂರದ ನಡಿಗೆಗೆ ಕನ್ನಡಿಗರಲ್ಲಿ ಇನ್ನೊಂದು ಕಾರಣವೂ ಉಂಟು. ಭ್ರಮರಾಂಬೆ ನಮ್ಮ ಮನೆಯ ಮಗಳು, ಮಲ್ಲಯ್ಯ ನಮ್ಮ ಅಳಿಯ ಎಂಬುದು ಈ ಭಾಗದವರ ಭಾವನೆ. ಹಬ್ಬಕ್ಕೆ ಮಗಳ ಮನೆಗೆ ಸೀರೆ, ಕುಪ್ಪಸ ಒಯ್ಯದೆ ಹೋಗುವ ತವರಿನವರು ಯಾರಿದ್ದಾರೆ?

ನಮ್ಮ ಮನೆಯವರಿಗೂ ಇದೇ ಭಾವನೆ. ಎರಡು ಸಲ ಬಸ್ಸಿನಲ್ಲಿ ಹೋಗಿ ಅಮ್ಮನ ದರ್ಶನ ಪಡೆದಿದ್ದರೂ, ಒಮ್ಮೆಯಾದರೂ ನಡೆದುಹೋಗಿ ಉಡಿ ತುಂಬಬೇಕೆಂಬ ಆಸೆ ಅವರಲ್ಲಿ ಉಳಿದಿತ್ತು. ಅದಕ್ಕಾಗಿ ತಾವೇ ಇಳಕಲ್ಲಿಗೆ ಹೋಗಿ ಒಂದು ಸೀರೆ, ಗುಳೇದಗುಡ್ಡದ ಒಂದು ಖಣ ಆರಿಸಿ ತಂದು ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಮೊಣಕಾಲು ಬೇನೆ ಅವರನ್ನು ನಡೆಯಗೊಡಲಿಲ್ಲ. 2023ರ ಕಾರ್ತಿಕದಲ್ಲಿ ಅವರು ಲಿಂಗೈಕ್ಯರಾದರು. ಸೀರೆ ಪೆಟ್ಟಿಗೆಯಲ್ಲೇ ಇತ್ತು. ಮರುವರ್ಷದ ಯುಗಾದಿಗೆ ಅದನ್ನು ನಾವೇ ನಡೆದು ಮುಟ್ಟಿಸುವುದೆಂದು ಸಂಕಲ್ಪ ಮಾಡಿದೆವು. ವಾಹನ ಹತ್ತಬಾರದು, ಪಾದರಕ್ಷೆ ಮೆಟ್ಟಬಾರದು, ಎಲ್ಲಿಯೂ ಒಂದು ರಾತ್ರಿಗಿಂತ ಹೆಚ್ಚು ತಂಗಬಾರದು ಎಂಬ ಮೂರು ನಿಯಮಗಳನ್ನೂ ಹಾಕಿಕೊಂಡೆವು. ಆಗ ನಮಗೆ ಅರವತ್ತಾರು ವರ್ಷ. ಬೇಡವೆಂದ ಮಕ್ಕಳಿಗೆ ಶರಣರ ನಿಷ್ಠೆಯನ್ನು ಕುರಿತು ಒಂದು ಉಪನ್ಯಾಸವನ್ನೇ ಕೊಟ್ಟೆವೆಂದು ಈಗ ನೆನೆದರೆ ನಗು ಬರುತ್ತದೆ.

2024ರ ಮಾರ್ಚ್ 26ರಂದು, ಹೋಳಿ ಹುಣ್ಣಿಮೆ ಕಳೆದ ಮರುದಿನ, ಕೂಡಲಸಂಗಮದಲ್ಲಿ ಮಿಂದು, ಐಕ್ಯಲಿಂಗಕ್ಕೆ ಶರಣೆಂದು, ಇಪ್ಪತ್ತನಾಲ್ಕು ಜನರ ತಂಡದೊಡನೆ ಹೊರಟೆವು. ಕಂಬಿಯ ಮುಂದಾಳು ನಮ್ಮ ಸೀಮೆಯ ಒಬ್ಬ ಗೌಡರು. ಹದಿನೆಂಟು ಸಲ ಈ ಹಾದಿ ನಡೆದವರು. ಬೆಳಗಿನ ಜಾವ ಮೂರಕ್ಕೆ ಎದ್ದು, ಬಿಸಿಲೇರುವವರೆಗೆ ನಡೆದು, ಮಧ್ಯಾಹ್ನ ಮರದಡಿಯಲ್ಲೋ ಗುಡಿಯಲ್ಲೋ ಮಲಗಿ, ಇಳಿಹೊತ್ತಿಗೆ ಮತ್ತೆ ನಡೆಯುವುದು ಕ್ರಮ. ಹುನಗುಂದ, ಲಿಂಗಸುಗೂರು, ರಾಯಚೂರು, ತೆಲಂಗಾಣದ ಐಜ ದಾಟಿ, ತುಂಗಭದ್ರೆಯ ಸೇತುವೆಯ ಮೇಲೆ ಕರ್ನೂಲನ್ನು ಹೊಕ್ಕೆವು. ಅಲ್ಲಿಯವರೆಗೆ ಎಲ್ಲವೂ ಸುಸೂತ್ರ. ನಮಗಿಂತ ಕಿರಿಯರು ಕುಂಟುತ್ತಿರಲು ನಾವು ನೆಟ್ಟಗೆ ನಡೆಯುತ್ತಿದ್ದೆವು. ಅದು ಮನಸ್ಸಿಗೆ ಹಿತವಾಗಿತ್ತೆಂಬುದನ್ನು ಮುಚ್ಚಿಡುವುದಿಲ್ಲ.

ಕರ್ನೂಲಿನ ಆಚೆ, ಡಾಂಬರು ಕಾದ ಹೆಂಚಿನಂತಿದ್ದ ಒಂದು ಮುಂಜಾನೆ, ಎಡ ಹಿಮ್ಮಡಿಯಲ್ಲಿ ದೊಡ್ಡದೊಂದು ಬೊಕ್ಕೆ ಎದ್ದಿತು. ನಂದಿಕೊಟ್ಕೂರಿನಲ್ಲಿ ಯಾರಿಗೂ ಹೇಳದೆ, ಬೇಲಿಯ ಜಾಲಿಮುಳ್ಳು ಕಿತ್ತು ಅದನ್ನು ಒಡೆದು, ಮೇಲಿನ ಚರ್ಮವನ್ನೂ ಸುಲಿದು ಹಾಕಿ, ಧೂಳಿನಲ್ಲೇ ನಡೆದೆವು. ಏಪ್ರಿಲ್ 5ರ ಶುಕ್ರವಾರ ಬೆಳಿಗ್ಗೆ ಆತ್ಮಕೂರು ಸೇರುವ ಹೊತ್ತಿಗೆ ಪಾದ ಬಾತು, ನೋವು ಮೀನಖಂಡಕ್ಕೆ ಏರಿ, ಮೈಯೆಲ್ಲ ಜ್ವರ.

ಆಂಧ್ರದಲ್ಲಿ ಆತ್ಮಕೂರೆಂಬ ಹೆಸರಿನ ಊರುಗಳು ಹಲವಿವೆ. ಇದು ಹಿಂದೆ ಕರ್ನೂಲು ಜಿಲ್ಲೆಯಲ್ಲಿದ್ದು 2022ರಿಂದ ನಂದ್ಯಾಲ ಜಿಲ್ಲೆಗೆ ಸೇರಿದ ಆತ್ಮಕೂರು. ಕರ್ನೂಲಿನಿಂದ ಗುಂಟೂರಿನ ಕಡೆಗೆ ಹೋಗುವ ಹೆದ್ದಾರಿಯ ಮೇಲಿದೆ. ಊರಿನ ಪೂರ್ವಕ್ಕೆ ನಲ್ಲಮಲೆಯ ಸಾಲು ಗೋಡೆಯಂತೆ ನಿಂತಿದೆ. ಇಲ್ಲಿಂದ ಬಸ್ಸಿನ ದಾರಿ ದೋರ್ನಾಲವನ್ನು ಸುತ್ತಿ ನೂರು ಕಿಲೋಮೀಟರಿಗೂ ಹೆಚ್ಚು. ನಡೆಯುವವರು ವೆಂಕಟಾಪುರದ ಬಳಿ ಕಾಡು ಹೊಕ್ಕು, ನಾಗಲೂಟಿ, ಪೆಚ್ಚೆರುವು, ಭೀಮುನಿ ಕೊಲನು ಹಾಯ್ದು ಕೈಲಾಸದ್ವಾರ ಏರುತ್ತಾರೆ. ಆ ಕಾಡು ಹುಲಿಗಳ ಸಂರಕ್ಷಿತ ಪ್ರದೇಶ. ಶಿವರಾತ್ರಿ, ಯುಗಾದಿಗಳ ಕಾಲದಲ್ಲಿ ಯಾತ್ರಿಕರಿಗೆ ದಾರಿ ಬಿಡುತ್ತಾರೆ. ಒಮ್ಮೆ ಒಳಗೆ ಹೊಕ್ಕವರಿಗೆ ಗಾಡಿ ಇಲ್ಲ, ಅಂಗಡಿ ಇಲ್ಲ, ಹಿಂದಿರುಗುವ ಸುಲಭ ದಾರಿ ಇಲ್ಲ. ಹೀಗಾಗಿ ಆತ್ಮಕೂರು ಯಾತ್ರಿಕರ ಪಾಲಿಗೆ ಕೊನೆಯ ಪೇಟೆ.

ಗೌಡರು ನಮ್ಮ ಕಾಲನ್ನು ನೋಡಿದರು. ಬಹಳ ಹೊತ್ತು ಮಾತನಾಡಲಿಲ್ಲ.

“ಶಾಸ್ತ್ರಿಗಳ, ಈ ಕಾಲು ಅಡವ್ಯಾಗ ನಡಿಯೂದಿಲ್ಲ. ನೀವು ಬಸ್ಸಿಗೆ ಬರ್ರಿ, ನಾವು ಮ್ಯಾಲ ಕೂಡತೀವಿ” ಎಂದರು.

“ಬಸ್ಸು ಹತ್ತುವುದಿಲ್ಲವೆಂದು ಸಂಕಲ್ಪ ಮಾಡಿದ್ದೇವೆ, ಗೌಡರೆ. ನಡೆಯುತ್ತೇವೆ” ಎಂದು ಎದ್ದು ನಿಂತೆವು. ನಾಲ್ಕು ಹೆಜ್ಜೆ ಇಟ್ಟೆವು. ಐದನೆಯದಕ್ಕೆ ಗೌಡರ ಹೆಗಲು ಹಿಡಿಯಬೇಕಾಯಿತು.

ಕಂಬಿ ನಿಲ್ಲುವಂತಿರಲಿಲ್ಲ. ನಾವು ನಿಲ್ಲದೆ ಗತಿಯಿರಲಿಲ್ಲ. ರಸ್ತೆಯ ಬದಿಯಲ್ಲಿ ಒಂದು ಸಣ್ಣ ಟಿಫಿನ್ ಹೋಟೆಲು. ಅದರ ಹಿಂದೆಯೇ ಮನೆ. ಅದರ ಯಜಮಾನರು ಗೌಡರಿಗೆ ಹಲವು ವರ್ಷದ ಪರಿಚಯದವರು. ನಮಗಿಂತ ನಾಲ್ಕೈದು ವರ್ಷ ಹಿರಿಯರು. ಹರೆಯದಲ್ಲಿ ಬಳ್ಳಾರಿಯ ಹೋಟೆಲೊಂದರಲ್ಲಿ ದುಡಿದುದರಿಂದ ಕನ್ನಡ ಬಲ್ಲವರು. “ಇವರ ಭಾರ ನನಗಿರಲಿ” ಎಂದು ಅವರು ನಮ್ಮ ಗಂಟನ್ನು ಎತ್ತಿಕೊಂಡು ಒಳನಡೆದರು. ತಂಡದ ಹುಡುಗನೊಬ್ಬ ಜೊತೆಗೆ ಉಳಿಯುತ್ತೇನೆಂದ. ಅವನ ಯಾತ್ರೆಯನ್ನು ಕೆಡಿಸಲು ಮನಸ್ಸಾಗದೆ ಕಳುಹಿಸಿಬಿಟ್ಟೆವು. ಇಳಿಹೊತ್ತಿಗೆ ಕಂಬಿ ಹೊರಟುಹೋಯಿತು. ಹಾಡಿನ ದನಿ ದೂರವಾಗುತ್ತ ಹೋದುದನ್ನು ಒಳಗೆ ಚಾಪೆಯ ಮೇಲೆ ಮಲಗಿ ಕೇಳಿದೆವು. ಹತ್ತು ದಿನ ಮಡಿಲಲ್ಲಿಟ್ಟುಕೊಂಡು ತಂದ ಸೀರೆ ಪಕ್ಕದಲ್ಲಿತ್ತು. ನಮ್ಮ ಮನೆಯವರಿಗೆ ಕೊಟ್ಟ ಮಾತು ಇಲ್ಲಿಗೆ ಮುರಿಯಿತೆಂದು ಮನಸ್ಸು ಬಹಳ ನೊಂದಿತು.

ಅಂದೇ ಮಧ್ಯಾಹ್ನ ಯಜಮಾನರು ನಮ್ಮನ್ನು ವೈದ್ಯರಲ್ಲಿಗೆ ಕರೆದೊಯ್ದಿದ್ದರು. ವೈದ್ಯರು ಮೊದಲು ಕೇಳಿದ್ದು ಸಕ್ಕರೆ ಕಾಯಿಲೆ ಉಂಟೇ ಎಂದು. ರಕ್ತ ಪರೀಕ್ಷಿಸಿ, ಇಲ್ಲವೆಂದು ಕಂಡ ಮೇಲೆ ಗಾಯ ತೊಳೆದು, ಸೂಜಿ ಹಾಕಿ, ಗುಳಿಗೆ ಬರೆದರು. ಬೊಕ್ಕೆಯ ಚರ್ಮ ದೇವರು ಕೊಟ್ಟ ಪಟ್ಟಿ, ಅದನ್ನು ಸುಲಿದವರಾರು ಎಂದು ಗದರಿದರು. ನಾಳೆ ಪೂರ್ತಿ ಕಾಲು ನೆಲಕ್ಕೆ ತಾಗಕೂಡದು, ಜ್ವರ ಇಳಿದು ಬಾವು ತಗ್ಗಿದರೆ ಮಾತ್ರ ಮುಂದಿನ ಮಾತು ಎಂದರು. ಹೊತ್ತುಹೊತ್ತಿಗೆ ಪಟ್ಟಿ ಬದಲಿಸಲು ಹತ್ತಿರದ ಔಷಧಿ ಅಂಗಡಿಯ ತರುಣನೊಬ್ಬ ಬರುತ್ತಿದ್ದ. ಅದು ರಂಜಾನ್ ತಿಂಗಳ ಕೊನೆಯ ಶುಕ್ರವಾರ. ಹಗಲೆಲ್ಲ ನೀರನ್ನೂ ಮುಟ್ಟದ ಆ ಹುಡುಗ, ನಮ್ಮ ಬಾಯಿ ಒಣಗಿದ್ದನ್ನು ಕಂಡು ತಾನೇ ಲೋಟ ಹಿಡಿದು ನೀರು ಕುಡಿಸಿದ.

ಸಂಜೆ ನಡೆದುದನ್ನು ಹೇಳಲೇಬೇಕು. ಯಜಮಾನರು ಹಿತ್ತಾಳೆಯ ಪರಾತದಲ್ಲಿ ಬಿಸಿನೀರು ತಂದು, ಉಪ್ಪು, ಅರಿಸಿನ ಕದಡಿ, ನಮ್ಮ ಮುಂದೆ ನೆಲದ ಮೇಲೆ ಕುಳಿತರು. ಪಟ್ಟಿ ಇಲ್ಲದ ಬಲಗಾಲನ್ನು ಹಿಡಿದು ತೊಳೆಯತೊಡಗಿದರು. ನಾವು ಸರಕ್ಕನೆ ಕಾಲು ಹಿಂದಕ್ಕೆ ಎಳೆದುಕೊಂಡೆವು.

“ಬೇಡಿ, ನೀವು ನಮಗಿಂತ ಹಿರಿಯರು” ಎಂದೆವು.

ಜಂಗಮರ ಮನೆಯಲ್ಲಿ ಹುಟ್ಟಿ, ಮಠದಲ್ಲಿ ಓದಿ, ಊರೂರಿಗೆ ಪುರಾಣ ಹೇಳಲು ಹೋದ ನಮಗೆ ಪಾದಪೂಜೆ ಹೊಸದಲ್ಲ. ಎಷ್ಟೋ ಮನೆಗಳಲ್ಲಿ ಭಕ್ತರು ನಮ್ಮ ಕಾಲು ತೊಳೆದಿದ್ದಾರೆ. ಆದರೆ ಆಗೆಲ್ಲ ನಾವು ಮೊದಲೇ ಶುಭ್ರವಾಗಿ ಕಾಲು ತೊಳೆದುಕೊಂಡು ಮಣೆಯ ಮೇಲೆ ಕುಳಿತಿರುತ್ತಿದ್ದೆವು! ಕೆಸರು, ಬೆವರು, ಕೀವಿನ ವಾಸನೆ ಮೆತ್ತಿದ ಕಾಲನ್ನು ಇನ್ನೊಬ್ಬರ ಕೈಗೆ ಒಪ್ಪಿಸಿದ್ದು ಅದೇ ಮೊದಲು. ನಾಚಿಕೆಯನ್ನು ಕಳೆಯಲು ನಮಗೆ ಹೊಳೆದದ್ದು ಒಂದೇ ಉಪಾಯ. ಗಂಟಿನಿಂದ ಐನೂರು ರೂಪಾಯಿಯ ಎರಡು ನೋಟು ತೆಗೆದು, “ಔಷಧಿ, ಊಟದ ಬಾಬ್ತು ಇರಲಿ” ಎಂದು ಚಾಚಿದೆವು.

ಅವರ ಮುಖ ಸಪ್ಪಗಾಯಿತು. ಬಾಗಿಲಲ್ಲಿ ನಿಂತಿದ್ದ ಅವರ ಮನೆಯಾಕೆ ಮಾತ್ರ ನಕ್ಕುಬಿಟ್ಟರು. ಗಂಟು ಬಿಚ್ಚಿದಾಗ ಇಳಕಲ್ಲ ಸೀರೆಯ ಕೆಂಪು ಸೆರಗು ಹೊರಗೆ ಇಣುಕಿತ್ತು. “ಇದು ಅಮ್ಮನಿಗೇ?” ಎಂದು ಕೇಳಿದರು. ಹೌದೆಂದೆವು. ಆಕೆ ತೆಲುಗಿನಲ್ಲಿ ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ:

“ಅಯಿತೆ ಮನಂ ವಿಯ್ಯಂಕುಲಂ, ಸ್ವಾಮೀ!”

ಹಾಗಾದರೆ ನಾವು ಪರಸ್ಪರ ಬೀಗರಾದೆವಲ್ಲ ಎಂದರ್ಥ. ಯಜಮಾನರು ಅದನ್ನು ಬಿಡಿಸಿ ಹೇಳಿದರು: “ಮಲ್ಲಯ್ಯ ನಿಮಗೆ ಅಳಿಯನಾದರೆ ಅವನ ಊರ ಕಡೆಯವರು ನಾವು. ಮಗಳಿಗೆ ಸೀರೆ ತಂದ ಬೀಗರು ಹಾದಿಯಲ್ಲಿ ನಮ್ಮ ಮನೆಗೆ ಬಂದಿದ್ದೀರಿ. ಬೀಗರ ಮನೆಯಲ್ಲಿ ಉಂಡು ಯಾರಾದರೂ ದುಡ್ಡು ಕೊಡುತ್ತಾರೆಯೇ? ತವರಿನವರು ಕುಂಟುತ್ತ ಬಂದರೆ ಆ ತಾಯಿಯ ಹೊಟ್ಟೆ ಉರಿಯುವುದಿಲ್ಲವೇ?”

ನೋಟುಗಳನ್ನು ಮಡಿಚಿ ಒಳಗಿಟ್ಟೆವು. ಕಾಲನ್ನು ಪರಾತದಲ್ಲಿ ಇಟ್ಟೆವು.

ಆ ರಾತ್ರಿ ಜ್ವರದಲ್ಲಿ ಬಾಲ್ಯವೆಲ್ಲ ಮರಳಿ ಬಂತು. ಒಂಬತ್ತನೆಯ ವಯಸ್ಸಿಗೆ ನಮ್ಮನ್ನು ಮಠಕ್ಕೆ ಬಿಟ್ಟಾಗ ಮೈಮೇಲೆ ಒಂದು ಅಂಗಿ ಮಾತ್ರ ಇತ್ತು. ಹಿರಿಯ ಹುಡುಗರೊಡನೆ ಜೋಳಿಗೆ ಹಿಡಿದು ಬೀದಿಬೀದಿ ಸುತ್ತಿ, ಮನೆಮನೆಯ ರೊಟ್ಟಿ, ನುಚ್ಚು, ಹಿಟ್ಟು ತಂದು ಎಲ್ಲರೂ ಕೂಡಿ ಉಣ್ಣುತ್ತಿದ್ದೆವು. ಕೊಟ್ಟವರ ಹೆಸರು ನಮಗೆ ಗೊತ್ತಿರಲಿಲ್ಲ. ನಮ್ಮ ಹೆಸರು ಅವರಿಗೆ ಗೊತ್ತಿರಲಿಲ್ಲ. ಆಗ ನಾಚಿಕೆ ಇರಲಿಲ್ಲ. ವಿದ್ಯೆ ಬಂತು, ನೌಕರಿ ಬಂತು, ಶಾಲು ಬಂದವು. ದಾಸೋಹವನ್ನು ಕುರಿತು ನಲವತ್ತು ವರ್ಷ ಭಾಷಣ ಮಾಡಿದೆವು. ನಮ್ಮ ಕೈಲಾದಷ್ಟು ಮಾಡಿಯೂ ಇದ್ದೆವು. ಇಷ್ಟಾದರೂ ಇನ್ನೊಬ್ಬರಿಂದ ಪಡೆಯುವುದನ್ನು ಯಾವಾಗಲೋ ಮರೆತುಬಿಟ್ಟಿದ್ದೆವು. ನಡಿಗೆಯ ಆ ಮೂರು ನಿಯಮಗಳಲ್ಲಿ ಭಕ್ತಿ ಎಷ್ಟಿತ್ತು, ‘ನಮಗೆ ಯಾರ ಹಂಗೂ ಬೇಡ’ ಎಂಬ ಬಿಂಕ ಎಷ್ಟಿತ್ತು ಎಂಬ ಪ್ರಶ್ನೆ ಆ ಚಾಪೆಯ ಮೇಲೆ ಮೊದಲ ಸಲ ಎದ್ದಿತು.

ಸಿದ್ಧರಾಮನ ಕಥೆಯೂ ನೆನಪಾಯಿತು. ಬಾಲಕ ಸಿದ್ಧರಾಮ ನವಣೆಯ ಹೊಲ ಕಾಯುತ್ತಿರಲು ಮಲ್ಲಯ್ಯ ಜಂಗಮವೇಷದಲ್ಲಿ ಬರುತ್ತಾನೆ. ಕೊಟ್ಟ ತೆನೆಯನ್ನು ಉಂಡು, ಮಜ್ಜಿಗೆಯ ಅನ್ನ ಬೇಕೆನ್ನುತ್ತಾನೆ. ಬಾಲಕ ಮನೆಗೆ ಓಡಿ ಅದನ್ನು ತರುವಷ್ಟರಲ್ಲಿ ಮರೆಯಾಗುತ್ತಾನೆ. ಅವನನ್ನು ಅರಸುತ್ತ ಶ್ರೀಶೈಲಕ್ಕೆ ಬಂದ ಬಾಲಕ ಕಮರಿಗೆ ಹಾರಲು ಮುಂದಾದಾಗಲೇ ಮಲ್ಲಯ್ಯ ದರ್ಶನ ಕೊಡುವುದು. ಈ ಕಥೆ ಹೇಳುವಾಗಲೆಲ್ಲ ನಾವು ಕೊಟ್ಟ ಬಾಲಕನ ಮುಗ್ಧಭಕ್ತಿಯನ್ನು ಕೊಂಡಾಡಿದ್ದೇವೆ. ದೇವರೇ ಕೈಯೊಡ್ಡಿ ಒಬ್ಬ ಹುಡುಗನಿಂದ ಬೇಡಿ ಉಂಡನಲ್ಲ ಎಂಬುದರ ಮೇಲೆ ಒಂದು ದಿನವೂ ನಿಲ್ಲಲಿಲ್ಲ. ಬೇಡುವವನಿಲ್ಲದಿದ್ದರೆ ನೀಡುವವನೆಲ್ಲಿ? ದಾಸೋಹಕ್ಕೆ ಎರಡು ಕೈ ಬೇಕು.

ಶನಿವಾರ ಬೆಳಿಗ್ಗೆ ಜ್ವರ ಇಳಿದಿತ್ತು. ಯಜಮಾನರು ಹೊರಗಿನ ಕಟ್ಟೆಯ ಮೇಲೆ ನಮ್ಮನ್ನು ಕೂರಿಸಿ, ಕಾಲನ್ನು ಸ್ಟೂಲಿನ ಮೇಲೆ ಇರಿಸಿ, ಪಕ್ಕದಲ್ಲಿ ಮಜ್ಜಿಗೆಯ ಕೊಳಗ ಇಟ್ಟರು. “ಸುಮ್ಮನೆ ಕೂತರೆ ಹೊತ್ತು ಹೋಗುವುದಿಲ್ಲ, ಸ್ವಾಮೀ. ಕೈಗೇನೂ ಆಗಿಲ್ಲವಲ್ಲ” ಎಂದರು. ಯುಗಾದಿಯ ಆ ವಾರ ಅವರು ಹೋಟೆಲಿನ ವ್ಯಾಪಾರ ನಿಲ್ಲಿಸುತ್ತಾರೆ. ಇಡ್ಲಿ ಬೇಯಿಸುವ ದೊಡ್ಡ ಪಾತ್ರೆಗಳಲ್ಲಿ ಯಾತ್ರಿಕರ ಕಾಲಿಗೆ ಬಿಸಿನೀರು ಕಾಯುತ್ತದೆ.

ಹಾದಿಯಲ್ಲಿ ನಡೆಯುವವರಿಗೆ ಹಾದಿ ಕಾಣುವುದಿಲ್ಲ. ಮುಂದಿನವನ ಬೆನ್ನು ಕಾಣುತ್ತದೆ. ಕಟ್ಟೆಯ ಮೇಲೆ ಕುಳಿತಾಗ ಮೊದಲ ಸಲ ಇಡೀ ಯಾತ್ರೆಯನ್ನು ನೋಡಿದೆವು. ಕಂಬಿಗಳು ಒಂದರ ಹಿಂದೆ ಒಂದು ಬಂದವು. ಮರಗಾಲು ಕಟ್ಟಿಕೊಂಡು ನಡೆಯುವ ತರುಣ, ಅವನು ಬೀಳದಂತೆ ಎರಡೂ ಕಡೆ ನಡೆಯುವ ಗೆಳೆಯರು. ಕೂಸನ್ನು ಹೆಗಲ ಮೇಲೆ ಹೊತ್ತ ತಂದೆ. ಕಾಲಿಗೆ ಗೋಣಿತಟ್ಟು ಸುತ್ತಿಕೊಂಡ ಮುದುಕಿ, “ಎಷ್ಟನೇ ಸಲ ಯವ್ವಾ?” ಎಂದರೆ “ಎಣಿಸಿಲ್ಲೊ ಯಪ್ಪಾ” ಎಂದಳು. ಮಜ್ಜಿಗೆ ಕೊಡುವುದರ ಜೊತೆಗೆ ನಮಗೆ ಇನ್ನೊಂದು ಕೆಲಸವೂ ಸಿಕ್ಕಿತು. ಕನ್ನಡ ಮಾತ್ರ ಬಲ್ಲವರಿಗೆ ಬಿಸಿನೀರು ಎಲ್ಲಿ, ವೈದ್ಯರು ಎಲ್ಲಿ, ಕಾಡಿನಲ್ಲಿ ಮುಂದಿನ ತಂಗುದಾಣ ಯಾವುದು ಎಂದು ಹೇಳುವುದು. ಬೊಕ್ಕೆಗೆ ಮುಳ್ಳು ಚುಚ್ಚಲು ಹೊರಟ ನಾಲ್ವರನ್ನಂತೂ ನಮ್ಮ ಕಾಲು ತೋರಿಸಿಯೇ ತಡೆದೆವು. ಅಷ್ಟು ಪರಿಣಾಮಕಾರಿಯಾದ ಉಪನ್ಯಾಸವನ್ನು ನಾವು ಹಿಂದೆಂದೂ ಮಾಡಿರಲಿಲ್ಲ.

ಮಧ್ಯಾಹ್ನ ಜನ ಕಡಿಮೆಯಾದಾಗ ಯಜಮಾನರು ಊರ ಸಮೀಪದ ಸಂಗಮೇಶ್ವರದ ಮಾತು ತೆಗೆದರು. ಕೃಷ್ಣೆಯ ದಂಡೆಯ ಆ ಪ್ರಾಚೀನ ದೇವಾಲಯ ಶ್ರೀಶೈಲ ಜಲಾಶಯದ ಹಿನ್ನೀರಿನಲ್ಲಿದೆ. ವರ್ಷದ ಬಹುಭಾಗ ಮುಳುಗಿದ್ದು, ಬೇಸಗೆಯಲ್ಲಿ ನೀರು ಇಳಿದಾಗ ಮಾತ್ರ ಮೇಲೆ ಕಾಣಿಸುತ್ತದೆ, ಆಗ ಪೂಜೆ ನಡೆಯುತ್ತದೆ. ನಾವೂ ನಮ್ಮ ಕೂಡಲಸಂಗಮವನ್ನು ಕುರಿತು ಹೇಳಿದೆವು. ಅಲ್ಲಿಯೂ ಅದೇ ಕೃಷ್ಣೆ. ನಾರಾಯಣಪುರದ ಅಣೆಕಟ್ಟಿನ ಹಿನ್ನೀರಿನ ನಡುವೆ, ಬಾವಿಯಂತೆ ಸುತ್ತ ಗೋಡೆ ಕಟ್ಟಿ ಐಕ್ಯಲಿಂಗವನ್ನು ಉಳಿಸಿಕೊಂಡಿದ್ದಾರೆ, ಮೆಟ್ಟಿಲಿಳಿದು ದರ್ಶನ ಮಾಡಬೇಕು ಎಂದೆವು. “ನಿಮ್ಮ ಸಂಗಮನಾಥನ ನೀರೇ ನಮ್ಮ ಸಂಗಮೇಶ್ವರನಿಗೆ ಬರುತ್ತದೆ, ಹಾಗಾದರೆ” ಎಂದರು ಅವರು. ಆಕೆ ಒಳಗಿನಿಂದಲೇ, “ಬೀಗರೆಂದು ಹೇಳಲಿಲ್ಲವೇ?” ಎಂದರು.

ಸಂಜೆ ವೈದ್ಯರು ಕಾಲು ನೋಡಿ, ಪಾದರಕ್ಷೆ ಮೆಟ್ಟುವುದಾದರೆ, ನಿಧಾನವಾಗಿ ನಡೆಯುವುದಾದರೆ ಮಾತ್ರ ಹೋಗಬಹುದೆಂದರು. ಒಪ್ಪಿದೆವು. ಎರಡು ರಾತ್ರಿ ತಂಗಿ ಒಂದು ನಿಯಮ ಮುರಿದಿತ್ತು, ಇದು ಎರಡನೆಯದು. ಏಪ್ರಿಲ್ 7ರ ಬೆಳಗಿನ ಜಾವ ಸವದತ್ತಿ ಕಡೆಯ ಒಂದು ತಂಡದೊಡನೆ ಹೊರಟು ನಿಂತಾಗ ಯಜಮಾನರು ತಮ್ಮ ಹಳೆಯ ಮೆತ್ತನೆಯ ಚಪ್ಪಲಿ ತಂದಿಟ್ಟರು. ಆಕೆ ಒಂದು ಡಜನ್ ಹಸಿರು ಬಳೆ ತಂದು, “ನಿಮ್ಮವರ ಸೀರೆಯ ಜೊತೆಗೆ ಇದೂ ಇರಲಿ” ಎಂದು ಗಂಟಿನಲ್ಲಿ ಇಟ್ಟರು. ನಾವು ಈ ಸಲ ಏನನ್ನೂ ಚಾಚಲಿಲ್ಲ. ಕೈಮುಗಿದೆವು, ಅಷ್ಟೇ.

ಕಾಡಿನ ಹಾದಿಯನ್ನು ಕುರಿತು ಹೆಚ್ಚು ಬರೆಯುವುದಿಲ್ಲ. ಭೀಮುನಿ ಕೊಲನಿನ ಆಳದ ಕಣಿವೆಗೆ ಇಳಿದು ಏರುವಾಗ ಅರಿಯದ ಇಬ್ಬರು ತರುಣರು ಎರಡೂ ಕಡೆ ಹೆಗಲು ಕೊಟ್ಟರು. ಎರಡು ದಿನ ಹಿಂದೆ ಆಗಿದ್ದರೆ ಬೇಡವೆನ್ನುತ್ತಿದ್ದೆವು. 8ರ ಸಂಜೆ ಕೈಲಾಸದ್ವಾರ ದಾಟಿದೆವು. ಗೌಡರು ಅಲ್ಲಿಯೇ ಕಾಯುತ್ತ ಕುಳಿತಿದ್ದರು. “ಬಂದ್ರ್ಯಾ ಶಾಸ್ತ್ರಿಗಳ?” ಎಂದರು, ಮುಂದೆ ಅವರಿಗೂ ಮಾತು ಬರಲಿಲ್ಲ, ನಮಗೂ ಬರಲಿಲ್ಲ. ಮರುದಿನ, ಕ್ರೋಧಿ ಸಂವತ್ಸರದ ಯುಗಾದಿಯಂದು, ಅಮ್ಮನ ಸನ್ನಿಧಿಯಲ್ಲಿ ಇಳಕಲ್ಲ ಸೀರೆ, ಗುಳೇದಗುಡ್ಡದ ಖಣ, ಆತ್ಮಕೂರಿನ ಬಳೆ ಒಟ್ಟಿಗೆ ಅರ್ಪಿತವಾದವು. ನಮ್ಮ ಮನೆಯವರಿದ್ದಿದ್ದರೆ ಆ ಹಸಿರು ಬಳೆಗಳನ್ನು ಕಂಡು ಹಿಗ್ಗುತ್ತಿದ್ದರು.

ಪಾದಯಾತ್ರೆಗೆ ಹೊರಡುವ ಹಿರಿಯರಿಗೆ ಒಂದೆರಡು ಮಾತು. ಬೊಕ್ಕೆ ಎದ್ದರೆ ಸುಲಿಯಬೇಡಿ. ಶುದ್ಧ ಬಟ್ಟೆ ಕಟ್ಟಿ, ದೊಡ್ಡದಾಗಿದ್ದರೆ ವೈದ್ಯರಿಗೆ ತೋರಿಸಿರಿ. ಸಕ್ಕರೆ ಕಾಯಿಲೆ ಇದ್ದವರು ಬರಿಗಾಲ ಹರಕೆ ಹೊರಲೇಬಾರದು. ಯುಗಾದಿಗೆ ಎರಡು ದಿನ ಮಿಗುವಂತೆ ಹೊರಡಿರಿ. ಆ ಎರಡು ದಿನ ಎಲ್ಲಿ ಬೇಕಾಗುವುದೆಂದು ಮೊದಲೇ ತಿಳಿಯದು. ಯಾರಾದರೂ ಪ್ರೀತಿಯಿಂದ ಏನನ್ನಾದರೂ ನೀಡಿದರೆ ಪ್ರಸಾದವೆಂದು ಸ್ವೀಕರಿಸಿರಿ.

ಹಿಂದಿರುಗುವಾಗ ಬಸ್ಸು ಆತ್ಮಕೂರಿನಲ್ಲಿ ಹತ್ತು ನಿಮಿಷ ನಿಂತಿತು. ಇಳಿದು ಓಡುನಡಿಗೆಯಲ್ಲಿ ಹೋದೆವು. ಹೋಟೆಲು ತೆರೆದಿತ್ತು. ಅದೇ ಪಾತ್ರೆಗಳಲ್ಲಿ ಇಡ್ಲಿ ಬೇಯುತ್ತಿದ್ದವು. ಯಜಮಾನರು ಒಂದು ಪ್ಲೇಟು ಮುಂದೆ ಇಟ್ಟು ಕಾಲನ್ನು ವಿಚಾರಿಸಿದರು. ತಿಂದೆದ್ದು, ಬೀಗರಲ್ಲವೇ ಎಂದು ಸುಮ್ಮನೆ ಹೊರಟೆವು.

“ಸ್ವಾಮೀ, ಮೂವತ್ತು ರೂಪಾಯಿ” ಎಂದು ಅವರು ಹಿಂದಿನಿಂದ ಕರೆದರು. ನಗುತ್ತಿದ್ದರು. “ಅಂದಿನದು ಮಲ್ಲಯ್ಯನದು. ಇದು ನನ್ನ ದುಡಿಮೆ.”

ಕಾಯಕ, ದಾಸೋಹ ಎರಡನ್ನೂ ಬಲ್ಲ ಆ ಹಿರಿಯರಿಗೆ ಮೂವತ್ತು ರೂಪಾಯಿ ಎಣಿಸಿ ಕೊಟ್ಟು, ಶರಣು ಹೇಳಿ, ಬಸ್ಸು ಹತ್ತಿದೆವು.